ಹಟ್ಟಿಯ ಚಿನ್ನ, ಮಸ್ಕಿಯ ಬಂಡೆ, ನಮ್ಮ ಕಾಶಿ

ಚಿನ್ನದ ಗಣಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೆ.ಜಿ.ಎಫ್. ಆದರೆ ಅದು 2001ರ ಫೆಬ್ರವರಿ 28ರಂದೇ ಮುಚ್ಚಿತು. ಇಂದಿಗೂ ನೆಲದಾಳದಿಂದ ಚಿನ್ನ ಎತ್ತುತ್ತಿರುವ ಊರು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ಹಟ್ಟಿ ಎಂದರೆ ದನದ ಕೊಟ್ಟಿಗೆ, ಪುಟ್ಟ ಊರು. ಹೆಸರು ಸಾದಾ, ಚರಿತ್ರೆ ಮಾತ್ರ ಬಲು ಹಳೆಯದು.

ಅಲ್ಲಿನ ಪುರಾತನ ಗಣಿಗಳು 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿವೆ. ಅವುಗಳಲ್ಲಿ ದೊರೆತ ಮರದ ಅವಶೇಷಗಳು ಸುಮಾರು 2000 ವರ್ಷ ಹಿಂದಿನವು ಎಂದು ಕಾರ್ಬನ್ ಪರೀಕ್ಷೆ ಹೇಳಿತು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸುವುದು ಅಂದಿನ ವಿಧಾನ. ಸಿಡಿಮದ್ದಿಲ್ಲ, ವಿದ್ಯುತ್ ಇಲ್ಲ. ಎಂ.ಟೆಕ್. ಓದಿದ ನನಗೂ ಆ ಕೌಶಲ ಕಂಡರೆ ಬೆರಗು. ಆದರೆ ಹಾಗೆ ಇಳಿದ ಒಬ್ಬರ ಹೆಸರೂ ಉಳಿದಿಲ್ಲ.

ಬ್ರಿಟಿಷರ ಕಾಲದಲ್ಲಿ ಮತ್ತೆ ತೆರೆದ ಗಣಿ 1920ರ ಹೊತ್ತಿಗೆ ನಿಂತಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಹುಟ್ಟಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಅದಕ್ಕೆ ಹಟ್ಟಿಯ ಹೆಸರೇ ಬಂತು.

ನಾನಿರುವ ಈ ಬಂಗಾಲಿ ಟೋಲಾಕ್ಕೂ ಆ ಸೀಮೆಗೂ ಒಂದು ನಂಟಿದೆ. ಇಲ್ಲಿನ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಮುಂದೆ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ. ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಅವು ಅಶೋಕನವೇ ಎಂದು ಸಿಂಹಳದ ಗ್ರಂಥಗಳಿಂದ ಊಹಿಸಬೇಕಾಯಿತು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್, ಹಟ್ಟಿಯ ಸೀಮೆಯದೇ ಆದ ಮಸ್ಕಿಯಲ್ಲಿ ಒಂದು ಬಂಡೆಶಾಸನ ಕಂಡ. ಅದರಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು! ಸಾರನಾಥದ ಸ್ತಂಭ ನಿಲ್ಲಿಸಿದ ದೊರೆಯ ಹೆಸರನ್ನು ಖಚಿತಪಡಿಸಿದ್ದು ನಮ್ಮ ಕನ್ನಡ ನಾಡಿನ ಚಿನ್ನದ ಸೀಮೆ.

ದೊರೆಯ ಹೆಸರೇನೋ ಸಿಕ್ಕಿತು. ದುಡಿದವರದ್ದು? ಅದರಲ್ಲೂ ಹೆಣ್ಣುಮಕ್ಕಳದ್ದು? 1952ರ ಗಣಿ ಕಾಯ್ದೆ ಮಹಿಳೆಯರು ನೆಲದೊಳಗೆ ದುಡಿಯುವುದನ್ನು ನಿಷೇಧಿಸಿತು. 2019ರಲ್ಲಷ್ಟೇ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಗಳಿಗೆ, ಅದೂ ಹಗಲು ಪಾಳಿಗೆ, ಬಾಗಿಲು ತೆರೆಯಿತು. ಗಣಿಯವರ ಮನೆಯಲ್ಲಿ ಪಾಳಿ ಮುಗಿಯುವ ಸೈರನ್‌ಗೆ ಕಿವಿಗೊಟ್ಟು ಕಾದ ತಾಯಂದಿರ ಮಾತು ಯಾವ ಕಡತದಲ್ಲೂ ಇರುವುದಿಲ್ಲ.

ನಮ್ಮ ಬಳಗದಲ್ಲಿ ಹಟ್ಟಿ, ಲಿಂಗಸುಗೂರು, ಮಸ್ಕಿ ಕಡೆಯವರಿದ್ದರೆ ಒಂದು ಕೋರಿಕೆ: ಊರಿಗೆ ಹೋದಾಗ ಅಜ್ಜಿ, ಅತ್ತೆ, ದೊಡ್ಡಮ್ಮಂದಿರನ್ನು ಮಾತಾಡಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೆದಿಡುವ ಕೆಲಸ ನನಗಿರಲಿ.