ಓದಿದ್ದು ಬಾಳಿಗೆ ಬರಬೇಕು

ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡಗಳಿಗೆ ಬಂಡೆ ಮತ್ತು ಬರ ಎರಡೂ ಹಳೆಯ ನಂಟು. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ನಿಡಗಲ್ಲು ದುರ್ಗ, ಶಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿ ಮತ್ತು 1696ರ ಜುಮ್ಮಾ ಮಸೀದಿ ಇವೆಲ್ಲ ಈ ಸೀಮೆಯಲ್ಲಿ ಹಲವು ಧರ್ಮಗಳು ಒಟ್ಟಿಗೆ ಬಾಳಿದ್ದಕ್ಕೆ ಸಾಕ್ಷಿ. ಇಂಥ ಜಿಲ್ಲೆಯಲ್ಲಿ ಕ್ರೈಸ್ತರದು ತೀರ ಚಿಕ್ಕ ಸಮುದಾಯ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡ ಒಂದನ್ನೂ ಮುಟ್ಟುವುದಿಲ್ಲ. ಆದರೆ ಓದುವುದು ಯಾತಕ್ಕೆ, ಓದಿದವನು ಬದುಕಬೇಕಾದದ್ದು ಹೇಗೆ ಎಂಬ ದೊಡ್ಡ ಪ್ರಶ್ನೆಯೊಂದು ಈ ಚಿಕ್ಕ ಸಮುದಾಯದ ಚರಿತ್ರೆಯೊಳಗೆ ಅಡಗಿದೆ.

ಕಿವಿಯ ಓದು, ಕಣ್ಣಿನ ಓದು

ಈ ಸೀಮೆಗೆ ಕಥೆಯಾಗಲಿ ಕಾವ್ಯವಾಗಲಿ ಹೊಸದೇನೂ ಅಲ್ಲ. ಶಿರಾ ಸುತ್ತಿನ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ನಾಯಕ ಜುಂಜಪ್ಪನ ಕಾವ್ಯವನ್ನು ತಲೆಮಾರುಗಳಿಂದ ಬಾಯಲ್ಲೇ ಉಳಿಸಿಕೊಂಡು ಬಂದವರು. ಕನ್ನಡ ನಾಡಿನ ಊರುಗಳಲ್ಲಿ ಜೈಮಿನಿ ಭಾರತವನ್ನೋ ಕುಮಾರವ್ಯಾಸನನ್ನೋ ಒಬ್ಬರು ವಾಚಿಸಿದರೆ ಹತ್ತಾರು ಮಂದಿ ಕುಳಿತು ಕೇಳುವುದು ವಾಡಿಕೆಯಾಗಿತ್ತು. ಅಕ್ಷರ ಬಲ್ಲವರು ಕೆಲವರೇ ಆದರೂ ಕೇಳಿ ತಿಳಿದವರು ಬಹಳ. ಇದನ್ನು ಕಿವಿಯ ಓದು ಎನ್ನಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಮಿಷನರಿಗಳೊಂದಿಗೆ ಬಂದದ್ದು ಬೇರೊಂದು ಬಗೆಯ ಓದು. ಪ್ರತಿಯೊಬ್ಬ ವಿಶ್ವಾಸಿಯೂ ತನ್ನ ಕಣ್ಣಿನಿಂದಲೇ, ತನ್ನ ಮಾತಿನಲ್ಲೇ ಧರ್ಮಗ್ರಂಥವನ್ನು ಓದಬೇಕು ಎಂಬುದು ಅದರ ಪಟ್ಟು. ಗಂಡಸು, ಹೆಂಗಸು, ಜಮೀನ್ದಾರ, ಜೀತಗಾರ ಎಂಬ ಭೇದ ಅದಕ್ಕೆ ಇರಕೂಡದು. ತತ್ತ್ವವಾಗಿ ಹೇಳುವುದು ಸುಲಭ. ಅಕ್ಷರವೇ ಕೆಲವರ ಸ್ವತ್ತಾಗಿದ್ದ ಸಮಾಜದಲ್ಲಿ ಅದನ್ನು ಆಚರಣೆಗೆ ತರಲು ಮೊದಲು ಗ್ರಂಥ ಬೇಕು, ಅಚ್ಚಿನ ಮೊಳೆ ಬೇಕು, ಶಾಲೆ ಬೇಕು.

ಬಳ್ಳಾರಿಯಿಂದ ಬಂದ ಗ್ರಂಥ

ಗ್ರಂಥ ಸಿದ್ಧವಾದದ್ದು ಈ ತಾಲ್ಲೂಕುಗಳ ಉತ್ತರಕ್ಕಿರುವ ಬಳ್ಳಾರಿಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದ. ಎರಡು ದಶಕಗಳ ದುಡಿಮೆಯ ಬಳಿಕ, 1831ರ ಹೊತ್ತಿಗೆ, ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅವನ ಜೊತೆಗಾರ ವಿಲಿಯಂ ರೀವ್ 1824 ಮತ್ತು 1832ರಲ್ಲಿ ಎರಡು ನಿಘಂಟುಗಳನ್ನು ಹೊರತಂದ. ಹ್ಯಾಂಡ್ಸ್‌ನ ಅನುವಾದವನ್ನು ಮುಂದೆ ಬೇರೆ ಬೇರೆ ಮಿಷನ್‌ಗಳ ಪಂಡಿತರು ಕೂಡಿ ತಿದ್ದಿದರು. ಬಾಸೆಲ್ ಮಿಷನ್ನಿನ ವೈಗಲ್, ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್, ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಆ ಕೆಲಸದಲ್ಲಿ ಇದ್ದವರು. 1860ರ ದಶಕದಲ್ಲಿ ಆ ಪರಿಷ್ಕೃತ ಗ್ರಂಥ ಹೊರಬಂತು.

ಅನುವಾದಕರು ಆರಿಸಿಕೊಂಡ ಮಾತುಗಳನ್ನು ಗಮನಿಸಬೇಕು. ಬೈಬಲ್ಲಿಗೆ ನಿಂತ ಹೆಸರು ‘ಸತ್ಯವೇದ’. ಕ್ರೈಸ್ತ ಸಮುದಾಯಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ ‘ದೀಕ್ಷಾಸ್ನಾನ’ವಾಯಿತು. ಕ್ಯಾಥೊಲಿಕರಲ್ಲಿ ಅದೇ ‘ಜ್ಞಾನಸ್ನಾನ’. ಒಬ್ಬರ ‘ಸುವಾರ್ತೆ’ ಇನ್ನೊಬ್ಬರ ‘ಶುಭಸಂದೇಶ’. ವೇದ, ದೀಕ್ಷೆ, ಜ್ಞಾನ ಇವು ನಾಡಿನ ಮತಪಂಥಗಳಲ್ಲಿ ಮೊದಲೇ ಬಳಕೆಯಲ್ಲಿದ್ದ, ತೂಕವಿದ್ದ ಶಬ್ದಗಳು. ಹೊಸ ವಿಶ್ವಾಸ ಹಳೆಯ ಮಾತಿನಲ್ಲೇ ಬಾಯಿಬಿಡಬೇಕಾಯಿತು.

ಕ್ಯಾಥೊಲಿಕರ ಕನ್ನಡ ಕೆಲಸ ಇನ್ನೂ ಹಳೆಯದು. ಹದಿನೇಳನೆಯ ಶತಮಾನದ ನಡುವಿನಲ್ಲೇ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದಿದ್ದ. ಆದರೆ ಅವರ ಬಲಿಪೂಜೆ ಲ್ಯಾಟಿನ್ ಬಿಟ್ಟು ಜನರ ಮಾತಿಗೆ ಬಂದದ್ದು 1962-65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ.

ಗುಬ್ಬಿಯ ಮಿಷನ್

ತುಮಕೂರು ಸೀಮೆಯಲ್ಲಿ ಈ ಓದು ಬೇರೂರಲು ತೊಡಗಿದ್ದು ನಾಲ್ಕು ತಾಲ್ಲೂಕುಗಳ ದಕ್ಷಿಣಕ್ಕಿರುವ ಗುಬ್ಬಿಯಲ್ಲಿ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಅಲ್ಲಿ ಕೆಲಸ ಆರಂಭಿಸಿದ. 1839ರಲ್ಲಿ ಬಂದ ವಿಲಿಯಂ ಆರ್ಥರ್ ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಿದ. ತನ್ನ ಮೈಸೂರು ಸೀಮೆಯ ಅನುಭವಗಳನ್ನು ಅವನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಹಾಡ್ಸನ್ ಕನ್ನಡ ವ್ಯಾಕರಣವೊಂದನ್ನು ಬರೆದದ್ದಲ್ಲದೆ, 1877ರಲ್ಲಿ ‘ಓಲ್ಡ್ ಡೇನಿಯಲ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದ. ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾಗಿ ದಾನಿಯೇಲನೆಂಬ ಹೆಸರು ಪಡೆದ ಹಳ್ಳಿಯವನೊಬ್ಬನ ಜೀವನ ಅದರ ವಸ್ತು. ಮಿಷನರಿಯ ಕಣ್ಣಿನಿಂದ ಬರೆದದ್ದೆಂಬ ಮಿತಿ ಆ ಪುಸ್ತಕಕ್ಕೆ ಇದೆ. ಆದರೂ ಅಂದಿನ ತುಮಕೂರು ಸೀಮೆಯ ಹಳ್ಳಿಯ ಬಾಳನ್ನು ಅದು ದಾಖಲಿಸಿದೆ.

ಆ ಕಾಲದ ಓದುಗನ ಕೈಗೆ ಸತ್ಯವೇದದ ಜೊತೆಗೆ ಬೇರೆ ಪುಸ್ತಕಗಳೂ ಬಂದವು. ಜಾನ್ ಬನ್ಯನ್‌ನ ಪ್ರಸಿದ್ಧ ರೂಪಕ ಕಥೆ 1840ರ ದಶಕದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಮಂಗಳೂರಿನಿಂದ ಕನ್ನಡಕ್ಕೆ ಬಂತು. ಬದುಕು ಗುರಿಯಿರುವ ಪಯಣ, ದಾರಿಯುದ್ದಕ್ಕೂ ಕೆಸರು, ಸೆರೆಮನೆ, ಸಂತೆ ಎಲ್ಲವೂ ಎದುರಾಗುತ್ತವೆ ಎಂಬುದು ಅದರ ತಿರುಳು. ಯಾತ್ರೆ, ಹರಕೆ, ಜಾತ್ರೆ ಬಲ್ಲ ಕನ್ನಡಿಗನಿಗೆ ಅದು ಅಪರಿಚಿತ ಕಲ್ಪನೆಯಾಗಿರಲಿಲ್ಲ. 1887ರಲ್ಲಿ ವೆಸ್ಲಿಯನ್ ಮಿಷನ್ನಿನ ಹೆನ್ರಿ ಹೇಗ್ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ಯನ್ನು ಹೊರಡಿಸಿದ ಮೇಲೆ ಲೋಕದ ಸುದ್ದಿಯೂ ಓದಿನ ಭಾಗವಾಯಿತು.

ಓದಿಗೊಂದು ಕಟ್ಟಳೆ

ಗುಬ್ಬಿಗೆ ಬಂದ ಪಂಥದ ಮೂಲಪುರುಷ ಜಾನ್ ವೆಸ್ಲಿ (1703-1791). ಆಕ್ಸ್‌ಫರ್ಡಿನಲ್ಲಿ ಅವನೂ ಅವನ ಗೆಳೆಯರೂ ಓದು, ಪ್ರಾರ್ಥನೆ, ಸೆರೆಮನೆಯ ಭೇಟಿ ಎಲ್ಲಕ್ಕೂ ಹೊತ್ತು ಗೊತ್ತುಮಾಡಿಕೊಂಡು ನಡೆಯುತ್ತಿದ್ದರು. ಅದನ್ನು ಕಂಡ ಸಹಪಾಠಿಗಳು ಅವರನ್ನು ‘ಮೆಥಡಿಸ್ಟ’ರೆಂದು ಗೇಲಿ ಮಾಡಿದರು. ಗೇಲಿಯ ಹೆಸರೇ ಪಂಥದ ಹೆಸರಾಗಿ ನಿಂತಿತು.

ವೆಸ್ಲಿ 1743ರಲ್ಲಿ ತನ್ನ ಅನುಯಾಯಿಗಳಿಗೆ ಹಾಕಿಕೊಟ್ಟ ನಿಯಮಗಳು ಮೂರೇ. ಕೇಡು ಮಾಡಬಾರದು, ಸಾಧ್ಯವಾದಷ್ಟು ಒಳ್ಳೆಯದು ಮಾಡಬೇಕು, ದೇವರ ಆರಾಧನೆಯ ಕ್ರಮಗಳನ್ನು ಬಿಡಬಾರದು. ಈ ಮೂರನೆಯ ನಿಯಮದೊಳಗೇ ಧರ್ಮಗ್ರಂಥದ ಓದು ಸೇರಿದೆ. ಅಂದರೆ ಓದು ಇಲ್ಲಿ ಹವ್ಯಾಸವಲ್ಲ, ಪ್ರಾರ್ಥನೆ ಉಪವಾಸಗಳಂತೆ ಒಂದು ಕರ್ತವ್ಯ. ಬೋಧಕರ ಪಾಲಿಗೆ ಕಟ್ಟಳೆ ಇನ್ನೂ ಬಿಗಿ. ದಿನಕ್ಕೆ ಕನಿಷ್ಠ ಐದು ಗಂಟೆ ಓದಬೇಕು, ಓದಿನಲ್ಲಿ ರುಚಿಯಿಲ್ಲವೆನ್ನುವವನು ಓದಿ ಓದಿ ರುಚಿ ಹತ್ತಿಸಿಕೊಳ್ಳಬೇಕು, ಆಗದಿದ್ದರೆ ಹಿಂದಿನ ಕಸುಬಿಗೇ ಮರಳಬೇಕು ಎಂದು ಅವನು ವಿಧಿಸಿದ್ದ. 1749ರಿಂದ 1755ರವರೆಗೆ ಸಾಮಾನ್ಯ ಓದುಗರಿಗೆಂದೇ 50 ಸಂಪುಟಗಳ ಗ್ರಂಥಮಾಲೆಯನ್ನೂ ಸಂಪಾದಿಸಿದ.

ಆದರೆ ಓದು ಅಲ್ಲಿಗೇ ಮುಗಿಯುವಂತಿರಲಿಲ್ಲ. ಸುಮಾರು ಹನ್ನೆರಡು ಮಂದಿಯ ಚಿಕ್ಕ ಗುಂಪುಗಳು ವಾರಕ್ಕೊಮ್ಮೆ ಸೇರಿ, ಪ್ರತಿಯೊಬ್ಬರೂ ಆ ವಾರ ಹೇಗೆ ನಡೆದುಕೊಂಡರೆಂಬುದರ ಲೆಕ್ಕ ಒಪ್ಪಿಸಬೇಕಾಗಿತ್ತು. ಓದಿದ್ದು ನಡತೆಯಲ್ಲಿ ಕಾಣದಿದ್ದರೆ ಓದಿದಂತಾಗಲಿಲ್ಲ. ಉದ್ದೇಶವಿಟ್ಟು ಬಾಳುವುದೆಂದರೆ ಈ ಪಂಥದವರಿಗೆ ಇದೇ ಅರ್ಥ.

ಓದಿನ ಈ ಶಿಸ್ತು ಧರ್ಮದ ಮೇರೆಯನ್ನು ದಾಟಿ ಹರಿದದ್ದೂ ಉಂಟು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲೇ 1849ರಲ್ಲಿ ಜಾನ್ ಗ್ಯಾರೆಟ್ ಸಂಪಾದಿಸಿದ ಭಗವದ್ಗೀತೆ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಚ್ಚಾಯಿತು. 1852ರಲ್ಲಿ ಸ್ಯಾಂಡರ್ಸನ್ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದ. ಬೈಬಲ್ ಪರಿಷ್ಕರಣೆಯಲ್ಲಿದ್ದ ಬೆಂಜಮಿನ್ ರೈಸ್‌ನ ಮಗನೇ ಬಿ. ಎಲ್. ರೈಸ್. ಅವನು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟದಲ್ಲಿ ಶಿರಾ, ಮಧುಗಿರಿ, ಪಾವಗಡಗಳ ಶಾಸನಗಳೂ ಸೇರಿ ಇಡೀ ತುಮಕೂರು ಜಿಲ್ಲೆಯ ಶಾಸನಗಳಿವೆ. ಇನ್ನೊಬ್ಬ ಮಗ ಇ. ಪಿ. ರೈಸ್ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ. ತಂದೆ ತಿದ್ದಿದ್ದು ಸತ್ಯವೇದ, ಮಕ್ಕಳು ಓದಿದ್ದು ನಾಡಿನ ಕಲ್ಲು ಮತ್ತು ಕಾವ್ಯ.

ಬರ ಒಡ್ಡಿದ ಪರೀಕ್ಷೆ

ಓದಿದ್ದು ನಡತೆಯಲ್ಲಿ ಕಾಣಬೇಕೆಂಬ ಮಾತಿಗೆ ಅತಿ ಕಠಿಣ ಪರೀಕ್ಷೆ 1876-78ರ ಮಹಾಕ್ಷಾಮದಲ್ಲಿ ಎದುರಾಯಿತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 41.9 ಲಕ್ಷಕ್ಕೆ ಇಳಿದಿತ್ತು. ಮಳೆಯನ್ನೇ ನಂಬಿದ್ದ ಒಣಸೀಮೆಗಳ ಪಾಡು ಹೇಳತೀರದು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ಅನಾಥಾಲಯಗಳನ್ನು ತೆರೆಯಿತು. ಹುಡುಗರಿಗೆ ತುಮಕೂರಿನಲ್ಲಿ, ಹುಡುಗಿಯರಿಗೆ ಹಾಸನದಲ್ಲಿ. ಅಲ್ಲಿ ಅನ್ನದ ಜೊತೆಗೆ ಅಕ್ಷರ ದೊರೆಯಿತು.

ಹಸಿದ ಮಗುವಿಗೆ ಅನ್ನ ಕೊಟ್ಟು ಧರ್ಮವನ್ನೂ ಕೊಡುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಅನ್ನಕ್ಕಾಗಿ ಆದ ಮತಾಂತರವೆಂಬ ಟೀಕೆ ಹೊರಗಿನಿಂದ ಬಂತು, ಮಿಷನರಿಗಳ ನಡುವೆಯೂ ಆ ಶಂಕೆಯಿತ್ತು. ಆಯ್ಕೆಯೇ ಇಲ್ಲದ ಮಗುವಿನ ವಿಷಯದಲ್ಲಿ ಆ ಟೀಕೆಯನ್ನು ತಳ್ಳಿಹಾಕಲಾಗದು. ಕೈಹಿಡಿದು ಉಳಿಸಿದವರು ಇಲ್ಲದಿದ್ದರೆ ಆ ಮಗು ಬದುಕುತ್ತಲೇ ಇರಲಿಲ್ಲ ಎಂಬುದನ್ನೂ ಮರೆಯಲಾಗದು. ವಿಶ್ವಾಸ ನಿಜವೋ ಅಲ್ಲವೋ ಎಂಬುದನ್ನು ಅನ್ನ ಉಂಡ ದಿನದಿಂದ ಅಳೆಯುವ ಬದಲು, ಬರ ಮುಗಿದ ಮೇಲಿನ ಬಾಳಿನಿಂದ ಅಳೆಯುವುದು ನ್ಯಾಯ.

ಬೈಬಲ್ಲಿನಲ್ಲಿ ಬರದ ಕಥೆಗಳಿಗೇನೂ ಕೊರತೆಯಿಲ್ಲ. ಏಳು ವರ್ಷದ ಕ್ಷಾಮಕ್ಕೆ ಮೊದಲೇ ಕಣಜ ತುಂಬಿಸಿದ ಯೋಸೇಫ, ಕೊಯ್ಲಾದ ಹೊಲದಲ್ಲಿ ಹಕ್ಕಲು ತೆನೆ ಆಯ್ದ ರೂತಳು, ಬಂಡೆನೆಲದಲ್ಲಿ ಬಿದ್ದು ಒಣಗಿದ ಬೀಜದ ಸಾಮ್ಯ, ಇವುಗಳಿಗೆ ಪಾವಗಡದ ರೈತನಿಗೆ ಟಿಪ್ಪಣಿ ಬೇಕಾಗುವುದಿಲ್ಲ. ಓದು ಬಾಳಿಗೆ ಹತ್ತಿರವಾಗಲು ಇದೂ ಒಂದು ಕಾರಣ.

ಅಕ್ಷರ ಮತ್ತು ಜಾತಿ

ಕನ್ನಡ ನಾಡಿನ ಹಳ್ಳಿಗಳಲ್ಲಿ ಮಿಷನ್ ಶಾಲೆಗೆ ಬಂದವರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳೂ ಇದ್ದರು. ಮೈಸೂರು ಸರ್ಕಾರ ತನ್ನ ಎಲ್ಲ ಶಾಲೆಗಳ ಬಾಗಿಲನ್ನು ಈ ಮಕ್ಕಳಿಗೆ ತೆರೆಯುವ ನಿರ್ಧಾರಕ್ಕೆ ಬಂದದ್ದು 1910ರ ದಶಕದಲ್ಲಿ, ಅದೂ ಬಲವಾದ ವಿರೋಧದ ನಡುವೆ. ದೇವರ ಮಾತನ್ನೇ ಕೈಯಲ್ಲಿ ಹಿಡಿದು ಓದಬಹುದಾದವನಿಗೆ ಸಾಲಪತ್ರ, ಪಹಣಿ, ಸರ್ಕಾರದ ಹುಕುಂ ಓದುವುದು ದೊಡ್ಡದಲ್ಲ. ಮನೆಮನೆಗೆ ಹೋಗಿ ಹೆಂಗಸರಿಗೆ ಓದು ಕಲಿಸುತ್ತಿದ್ದ ಮಿಷನ್ನಿನ ಸ್ತ್ರೀಯರ ದುಡಿಮೆಯೂ ಇದೇ ಬಗೆಯದು.

ಹಾಗೆಂದು ಜಾತಿ ಚರ್ಚಿನ ಬಾಗಿಲಲ್ಲೇ ಉಳಿಯಿತೆನ್ನಲಾಗದು. ಮದುವೆಯ ಸಂಬಂಧಗಳಲ್ಲಿ, ಕೆಲವು ಕಡೆ ಕೂರುವ ಜಾಗದಲ್ಲಿಯೂ ಅದು ಒಳಗೆ ನುಗ್ಗಿತು. ಕಾನೂನಿನ ಸಂಗತಿ ಇನ್ನೊಂದು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಮೊದಲು ಹಿಂದೂಗಳಿಗೆ ಸೀಮಿತವಾಗಿತ್ತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಾದ ದಲಿತರು ಹೊರಗುಳಿದರು. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಸೇರುತ್ತಾರೆ. ಈ ಪ್ರಶ್ನೆಯ ಪರಿಶೀಲನೆಗೆ ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಹೀಗಾಗಿ ಬಡ ಕುಟುಂಬವೊಂದಕ್ಕೆ ವಿಶ್ವಾಸವನ್ನು ಬಹಿರಂಗವಾಗಿ ಬಾಳುವುದೆಂದರೆ ಮಕ್ಕಳ ಮೀಸಲಾತಿಯ ಲೆಕ್ಕವನ್ನೂ ಹಾಕಬೇಕಾದ ಸಂಗತಿ.

ಓದುಗರ ಪೀಠ

1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ ಮೆಥಡಿಸ್ಟರೂ ಲಂಡನ್ ಮಿಷನ್ನಿನ ಪರಂಪರೆಯವರೂ ಆಂಗ್ಲಿಕನ್ನರೂ ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ತುಮಕೂರು ಜಿಲ್ಲೆ ಈಗ ಅದರ ಕರ್ನಾಟಕ ಮಧ್ಯ ಪ್ರಾಂತ್ಯಕ್ಕೆ, ಕ್ಯಾಥೊಲಿಕರಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದೆ. ತುಮಕೂರಿನಲ್ಲಿ ಬಹುಕಾಲ ಕನ್ನಡ ಸಭಾಪಾಲಕರನ್ನು ತಯಾರುಮಾಡಿದ ದೈವಶಾಸ್ತ್ರ ಶಾಲೆ 1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಡನೆ ಕೂಡಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು.

ಸಿಎಸ್‌ಐ ಆರಾಧನೆಯಲ್ಲಿ ಹಳೆಯ ಒಡಂಬಡಿಕೆ, ಪತ್ರಿಕೆ, ಸುವಾರ್ತೆ ಎಂದು ಮೂರು ಪಾಠಗಳನ್ನು ಓದುವ ಕ್ರಮವಿದೆ. ಇವನ್ನು ಓದಲು ಪಾದ್ರಿಯೇ ಬೇಕಿಲ್ಲ. ಸಭೆಯ ಯಾರಾದರೂ, ಶಾಲಾ ಹುಡುಗಿಯಾಗಲಿ ಕೂಲಿಕಾರನಾಗಲಿ, ಎದ್ದು ಬಂದು ಪೀಠದ ಮುಂದೆ ನಿಂತು ಓದಬಹುದು. ಅಲ್ಲಿ ಕಿವಿಯ ಓದೂ ಕಣ್ಣಿನ ಓದೂ ಒಂದಾಗುತ್ತವೆ.

ಓದಲು ಬಾರದವರ ಮಕ್ಕಳು ನಾಲ್ಕು ಜನರ ಮುಂದೆ ನಿಂತು ಓದುವಂತಾದದ್ದು ಈ ಚಿಕ್ಕ ಸಮುದಾಯದ ದೊಡ್ಡ ಗಳಿಕೆ. ಇಂದು ಸತ್ಯವೇದ ಅಂಗಡಿಯಲ್ಲಿ ಸಿಗುತ್ತದೆ, ಜೇಬಿನ ಮೊಬೈಲಿನಲ್ಲೂ ಇದೆ. ಗ್ರಂಥ ದುರ್ಲಭವಾಗಿದ್ದ ಕಾಲದ ಕಷ್ಟ ನೀಗಿದೆ. ಆದರೆ ವಾರದ ಕೊನೆಯಲ್ಲಿ ಹನ್ನೆರಡು ಮಂದಿಯ ನಡುವೆ ಕುಳಿತು, ಓದಿದ್ದರಲ್ಲಿ ಎಷ್ಟನ್ನು ಬಾಳಿದೆ ಎಂದು ಲೆಕ್ಕ ಒಪ್ಪಿಸುವ ಕಷ್ಟ ಅಂದಿನಷ್ಟೇ ಇದೆ. ಯಾವ ಧರ್ಮದ ಯಾವ ಗ್ರಂಥವನ್ನು ಓದುವವರಿಗೂ ಅದರಿಂದ ವಿನಾಯಿತಿ ಇಲ್ಲ.