ಅಂಗೈ ಮೇಲಿನ ವರದಿ: ಶಾಲೆಯ ಸುದ್ದಿ ಮನೆಗೆ ಬಂದ ಬಗೆ

ಶನಿವಾರದ ಬೆಳಗಿನ ಶಾಲೆ ಮುಗಿಸಿ ಮಕ್ಕಳು ಮನೆ ಸೇರುವ ಹೊತ್ತಿಗೆ ಇಂದು ಎಷ್ಟೋ ತಾಯಿತಂದೆಯರ ಮೊಬೈಲಿಗೆ ಶಾಲೆಯಿಂದ ಸಂದೇಶವೊಂದು ಬಂದಿರುತ್ತದೆ. ಈ ವಾರ ಯಾವ ಪಾಠ ಮುಗಿಯಿತು, ಮಗ್ಗಿ ಎಲ್ಲಿಯವರೆಗೆ ಬಂತು, ಸೋಮವಾರ ಏನೇನು ತರಬೇಕು, ಕಿರುಪರೀಕ್ಷೆ ಎಂದು ಎಂಬ ವಿವರಗಳು ಅದರಲ್ಲಿರುತ್ತವೆ. ವಾರಕ್ಕೊಮ್ಮೆ ತರಗತಿಯ ಸುದ್ದಿಯನ್ನು ಮನೆಗೆ ಮುಟ್ಟಿಸುವ ಈ ಪದ್ಧತಿ ಹೊಸ ಕಾಲದ ಕೊಡುಗೆ ಎಂದೇ ಹಲವರ ಭಾವನೆ.

ಸಂದೇಶ ಬರುವ ದಾರಿ ಹೊಸದು, ನಿಜ. ಆದರೆ ಮಗು ಏನು ಕಲಿಯಿತೆಂಬುದು ಮನೆಯವರಿಗೆ ತಿಳಿಯಬೇಕೆನ್ನುವ ಕಾಳಜಿ ಬಹಳ ಹಳೆಯದು. ಇನ್ನೂರು ವರ್ಷಗಳ ಹಿಂದಿನ ಕೂಲಿಮಠಗಳಲ್ಲೂ ಅದಕ್ಕೆ ತಕ್ಕ ವ್ಯವಸ್ಥೆಯಿತ್ತು. ಆಗಿನ ವರದಿಗೂ ಈಗಿನ ವರದಿಗೂ ಇರುವ ಮುಖ್ಯ ವ್ಯತ್ಯಾಸ ಒಂದೇ: ಅದನ್ನು ತಿಳಿದುಕೊಳ್ಳಲು ಮನೆಯವರಿಗೆ ಓದು ಬರಬೇಕಾಗಿರಲಿಲ್ಲ.

ಬಳ್ಳಾರಿಯ ಲೆಕ್ಕ

ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳ ದೇಶೀ ಶಾಲೆಗಳ ಸ್ಥಿತಿಗತಿಯನ್ನು ತಿಳಿಸುವಂತೆ ಕಲೆಕ್ಟರರಿಗೆ ಆದೇಶ ಕಳುಹಿಸಿದ. ಹೆಚ್ಚಿನ ಕಲೆಕ್ಟರರು ಅಂಕಿ ಅಂಶ ತುಂಬಿದ ಕೋಷ್ಟಕ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ಒಂದು ದೀರ್ಘ ವರದಿಯನ್ನೇ ಬರೆದ. ಶಾಲೆಯೊಳಗೆ ದಿನವೂ ಏನು ನಡೆಯುತ್ತದೆ ಎಂಬುದನ್ನು ವಿವರಿಸಿರುವುದರಿಂದ ಈ ವರದಿ ಇಂದಿಗೂ ಅಮೂಲ್ಯ. ಗಾಂಧೀವಾದಿ ಲೇಖಕ ಧರ್ಮಪಾಲ್ 1983ರಲ್ಲಿ ಈ ಸಮೀಕ್ಷೆಯ ಕಾಗದಪತ್ರಗಳನ್ನು ಒಂದೆಡೆ ಪ್ರಕಟಿಸಿದ ಮೇಲೆ ಅದು ಮತ್ತೆ ಚರ್ಚೆಗೆ ಬಂತು.

ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. 9,27,857 ಜನಸಂಖ್ಯೆಗೆ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ ಮುಂತಾದವು. ಇಂಗ್ಲಿಷ್ ಶಾಲೆ ಒಂದೇ ಒಂದು. ಒಟ್ಟು 6,641 ಮಂದಿ ಓದುತ್ತಿದ್ದರು.

ಈ ಶಾಲೆಗಳಿಗೆ ಸರಕಾರದ ಕಟ್ಟಡವಾಗಲಿ ಪಠ್ಯಪುಸ್ತಕವಾಗಲಿ ಇರಲಿಲ್ಲ. ಗುಡಿಯ ಪ್ರಾಂಗಣ, ಮಠ, ಊರ ಹಿರಿಯರ ಮನೆಯ ಜಗಲಿ, ಇವೇ ಶಾಲೆ. ಪಾಠ ಹೇಳುವ ಐಗಳಿಗೆ ಮಕ್ಕಳ ಮನೆಯವರು ಕೊಡುವ ಕಾಸು ಅಥವಾ ದವಸವೇ ಆಧಾರ. ‘ಕೂಲಿಮಠ’ ಎಂಬ ಹೆಸರಿಗೆ ಇದೇ ಕಾರಣವೆಂದು ಹೇಳುವುದುಂಟು. ಮನೆಯವರು ಕೊಟ್ಟರೆ ಮಠ ನಡೆಯುತ್ತಿತ್ತು, ಕೊಡದಿದ್ದರೆ ನಿಲ್ಲುತ್ತಿತ್ತು. ಆದ್ದರಿಂದ ಮಗು ಕಲಿಯುತ್ತಿದೆ ಎಂಬುದನ್ನು ಮನೆಯವರಿಗೆ ಕಾಣಿಸುವುದು ಐಗಳ ಪಾಲಿಗೆ ಹೊಟ್ಟೆಪಾಡಿನ ವಿಷಯವೂ ಆಗಿತ್ತು.

ಮೊದಲ ಪಾಠ ಮನೆಯಲ್ಲೇ

ಮಗುವಿಗೆ ಐದು ವರ್ಷ ತುಂಬುವ ಹೊತ್ತಿಗೆ ಅಕ್ಷರಾಭ್ಯಾಸ. ಕ್ಯಾಂಬೆಲ್ ಹೇಳುವಂತೆ, ಅಂದು ಮಗು ಶಾಲೆಗೆ ಹೋಗುತ್ತಿರಲಿಲ್ಲ, ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಗುರುವೂ ಉಳಿದ ಮಕ್ಕಳೂ ಬಂದು ಗಣಪತಿಯ ಸುತ್ತ ಕೂರುತ್ತಿದ್ದರು. ಗುರು ಮಗುವಿನ ಕೈಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಸುತ್ತಿದ್ದ. ಮನೆಮಂದಿಯೆಲ್ಲ ಸುತ್ತ ನಿಂತು ನೋಡುತ್ತಿದ್ದ ಈ ಘಳಿಗೆಯೇ ಶಾಲೆಗೂ ಮನೆಗೂ ಆಗುವ ಮೊದಲ ಒಪ್ಪಂದ.

ಆಮೇಲೆ ಶುರುವಾಗುವುದು ದಿನನಿತ್ಯದ ಮಠ. ಬೆಳಗಿನ ಆರು ಗಂಟೆಗೆ ಮಕ್ಕಳು ಸೇರಬೇಕು. ಮೊದಲು ಬಂದವನ ಅಂಗೈ ಮೇಲೆ ಗುರು ‘ಸರಸ್ವತಿ’ ಎಂದು ಬರೆಯುತ್ತಿದ್ದ. ಅದು ಗೌರವದ ಗುರುತು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾಗಿ ಬಂದಷ್ಟೂ ಏಟು ಏರುತ್ತ ಹೋಗುತ್ತಿತ್ತು.

ಅಂಗೈಯಲ್ಲಿ ಸರಸ್ವತಿಯನ್ನು ಹೊತ್ತ ಹುಡುಗ ಬೆಳಗಿನ ಊಟಕ್ಕೆ ಮನೆಗೆ ಬಂದಾಗ ಆ ಕೈಯನ್ನು ತಾಯಿಗೆ ತೋರಿಸದೆ ಇದ್ದಾನೆಯೇ? ಏಟು ತಿಂದವನು ಕೈ ಮುಚ್ಚಿಕೊಂಡರೂ ತಾಯಿಗೆ ತಿಳಿಯದೆ ಹೋಗುತ್ತಿತ್ತೆ? ಅಕ್ಷರ ಬಾರದವರಿಗೂ ಬರಹ, ಸೊನ್ನೆ, ಬಾಸುಂಡೆ ಈ ಮೂರರ ವ್ಯತ್ಯಾಸ ತಿಳಿಯುತ್ತದೆ. ವಾರಕ್ಕೊಮ್ಮೆ ಅಲ್ಲ, ದಿನಕ್ಕೊಮ್ಮೆ ಮಗುವಿನ ಮೈಮೇಲೆಯೇ ಬರುತ್ತಿದ್ದ ವರದಿ ಇದು.

ಮಹಾನವಮಿಯ ಪದ

ವರ್ಷಕ್ಕೊಮ್ಮೆ ಬರುತ್ತಿದ್ದ ದೊಡ್ಡ ವರದಿಯೆಂದರೆ ಮಹಾನವಮಿ. ಹಬ್ಬದ ದಿನಗಳಲ್ಲಿ ಐಗಳು ಮಕ್ಕಳನ್ನು ಸಿಂಗರಿಸಿ ಮನೆಯಿಂದ ಮನೆಗೆ ಕರೆದೊಯ್ಯುತ್ತಿದ್ದರು. ಮಕ್ಕಳು ಅಂಗಳದಲ್ಲಿ ನಿಂತು ಮಠದಲ್ಲಿ ಕಲಿತ ಪದಗಳನ್ನು, ಚೌಪದಿಗಳನ್ನು ಹಾಡುತ್ತಿದ್ದರು. ಮನೆಯವರು ಐಗಳಿಗೆ ಕಾಸು, ಬಟ್ಟೆ, ದವಸ ಕೊಡುತ್ತಿದ್ದರು. ಮಕ್ಕಳಿಗೆ ತಿನಿಸು ಸಿಗುತ್ತಿತ್ತು. ಕರಾವಳಿಯ ಉಡುಪಿ, ಕುಂದಾಪುರ ಸೀಮೆಯ ‘ಹೂವಿನ ಕೋಲು’ ಕೂಡ ಇದೇ ಬಳಗದ್ದು. ಅಲ್ಲಿ ನವರಾತ್ರಿಯ ದಿನಗಳಲ್ಲಿ ಹೂವಿನಿಂದ ಅಲಂಕರಿಸಿದ ಕೋಲು ಹಿಡಿದ ಮಕ್ಕಳು ಮನೆಮನೆಯ ಚಾವಡಿಯಲ್ಲಿ ಕೂತು ಯಕ್ಷಗಾನ ಪ್ರಸಂಗದ ಸಣ್ಣ ಭಾಗವನ್ನು ಮಾತು ಹಾಡುಗಳಲ್ಲಿ ನಡೆಸಿಕೊಡುತ್ತಾರೆ.

ಇದನ್ನು ಬರಿಯ ಭಿಕ್ಷಾಟನೆ ಎಂದು ಹೀಗಳೆದವರುಂಟು. ಆದರೆ ಇಲ್ಲಿ ನಡೆಯುತ್ತಿದ್ದದ್ದು ಊರೆದುರಿನ ಪರೀಕ್ಷೆ. ಯಾರ ನಾಲಿಗೆ ಹೊರಳುತ್ತದೆ, ಯಾರು ಮಧ್ಯದಲ್ಲಿ ತಡವರಿಸುತ್ತಾರೆ ಎಂಬುದನ್ನು ಮನೆಯ ಅಜ್ಜಿಯೂ ಕೇಳಿ ಹೇಳಬಲ್ಲವಳಾಗಿದ್ದಳು. ಆಕೆಯೇ ಪರೀಕ್ಷಕಿ. ಮೆಚ್ಚಿದರೆ ಮೊರದ ತುಂಬ ದವಸ.

ಹಾಗೆಂದು ಆ ಕಾಲವನ್ನು ಹೊನ್ನಿನ ಕಾಲವೆಂದು ಬಣ್ಣಿಸುವುದು ತಪ್ಪಾಗುತ್ತದೆ. ಬಳ್ಳಾರಿಯ 6,641 ವಿದ್ಯಾರ್ಥಿಗಳಲ್ಲಿ ಹುಡುಗಿಯರು ಕೇವಲ 60. ಜಿಲ್ಲೆಯ ಸಾವಿರ ಜನರಲ್ಲಿ ಶಾಲೆಗೆ ಹೋಗುತ್ತಿದ್ದವರು ಸುಮಾರು ಏಳು ಮಂದಿ ಮಾತ್ರ. ಶಿಕ್ಷೆಗಳು ಕ್ರೂರವಾಗಿದ್ದವು, ಹುಡುಗರನ್ನು ಸೂರಿಗೆ ತೂಗುಹಾಕುವ ಕೋದಂಡವನ್ನು ಕೇಳದವರಾರು? ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ. ಆದರೆ ಮಕ್ಕಳು ಅರ್ಥ ತಿಳಿಯದೆ ಗಿಳಿಗಳಂತೆ ಪದ್ಯ ಒಪ್ಪಿಸುತ್ತಾರೆಂದು ಟೀಕಿಸಿದ್ದೂ ಆತನೇ. ಮಹಾನವಮಿಯ ಹಾಡು ಕಂಠಪಾಠವನ್ನು ತೋರಿಸುತ್ತಿತ್ತು, ತಿಳಿವಳಿಕೆಯನ್ನಲ್ಲ.

ವರದಿ ಮೇಲಕ್ಕೆ ಹೋಯಿತು

ಈ ಮಠಗಳು ಕಣ್ಮರೆಯಾದದ್ದಕ್ಕೆ ಬಡತನ ಒಂದು ಕಾರಣ. ಯುರೋಪಿನ ಬಟ್ಟೆ ಬಂದು ನೇಕಾರಿಕೆ ಕುಸಿಯಿತು. ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ, ಕಾರಣ ತಾಯಿತಂದೆಯರಿಗೆ ಕೊಡಲು ಕಾಸಿಲ್ಲ ಎಂದು ಕಂಪನಿಯ ಅಧಿಕಾರಿಯೇ ಆದ ಕ್ಯಾಂಬೆಲ್ 1823ರಲ್ಲೇ ಬರೆದಿದ್ದ.

ಇನ್ನೊಂದು ಕಾರಣ ಹೊಸ ಇಲಾಖೆ. 1854ರ ವುಡ್ ಸುತ್ತೋಲೆಯ ನಂತರ ಪ್ರಾಂತ್ಯಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದವು. 1857ರಲ್ಲಿ ಮೈಸೂರು ಸಂಸ್ಥಾನದಲ್ಲೂ ಇಲಾಖೆ ಬಂತು. 1868ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಸರಕಾರಿ ಶಾಲೆ ಹಳ್ಳಿಗಾಡಿಗೆ ಇಳಿಯಿತು. ಇದರಿಂದ ಆದ ಉಪಕಾರ ಸಣ್ಣದಲ್ಲ. ಐಗಳ ಮರ್ಜಿಯ ಬದಲು ಪಾಠಕ್ರಮ ಬಂತು, ಅಚ್ಚಾದ ಪುಸ್ತಕ ಬಂತು, ಮಠದ ಬಾಗಿಲು ಕಾಣದವರಿಗೂ ಕ್ರಮೇಣ ಶಾಲೆಯ ಬಾಗಿಲು ತೆರೆಯಿತು.

ಆದರೆ ವರದಿಯ ದಿಕ್ಕು ಬದಲಾಯಿತು. ಮೇಷ್ಟ್ರ ಸಂಬಳ ಮೇಲಿನಿಂದ ಬರತೊಡಗಿದಾಗ ಲೆಕ್ಕವೂ ಮೇಲಕ್ಕೇ ಹೋಗತೊಡಗಿತು. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ತನಿಖೆಯ ಟಿಪ್ಪಣಿ, ಎಲ್ಲವೂ ಇನ್‌ಸ್ಪೆಕ್ಟರ್ ಸಾಹೇಬರಿಗಾಗಿ. ಕೆಲವೆಡೆ ಪರೀಕ್ಷೆಯ ಫಲಿತಾಂಶ ನೋಡಿ ಅನುದಾನ ಕೊಡುವ ಕ್ರಮವೂ ಬಂತು. ಸಾಹೇಬರು ಬರುವ ದಿನ ಶಾಲೆ ಸಾರಿಸಿ ಗುಡಿಸಿ ಸಜ್ಜಾಗುತ್ತಿತ್ತು. ಮಗು ಏನು ಕಲಿತಿದೆ ಎಂಬುದು ದೂರದ ಕಚೇರಿಗೆ ಗೊತ್ತಾಯಿತು. ಪಕ್ಕದ ಬೀದಿಯ ತಾಯಿಗೆ ಗೊತ್ತಾಗುವ ದಾರಿ ಕಿರಿದಾಯಿತು.

ಆ ದಾರಿಯಲ್ಲಿ ಮುಂದೆ ಬಂದದ್ದು ಪ್ರಗತಿಪತ್ರ, ಎಲ್ಲರ ಬಾಯಲ್ಲಿ ‘ಪ್ರೋಗ್ರೆಸ್ ಕಾರ್ಡ್’. ವಿಷಯ, ಅಂಕ, ಹಾಜರಿ, ಷರಾ, ಕೊನೆಗೆ ‘ಪೋಷಕರ ಸಹಿ’ ಎಂಬ ಖಾಲಿ ಗೆರೆ. ಓದು ಬಲ್ಲ ಮನೆಗೆ ಇದು ಅನುಕೂಲವೇ. ಆದರೆ 1991ರ ಜನಗಣತಿಯ ಪ್ರಕಾರ ಕರ್ನಾಟಕದ ಮಹಿಳೆಯರ ಸಾಕ್ಷರತೆ ಶೇಕಡ 44.34. ಅಂದರೆ ಅರ್ಧಕ್ಕಿಂತ ಹೆಚ್ಚು ಮಹಿಳೆಯರಿಗೆ ಈ ಕಾರ್ಡು ಮೂಕವಾಗಿತ್ತು. ಅವರಲ್ಲಿ ಎಷ್ಟೋ ಮಂದಿ ಮಗು ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತಿದರು. ಕೆಂಪು ಶಾಯಿಯ ಗೆರೆ ಮಾತ್ರ ಅವರಿಗೆ ಅರ್ಥವಾಗುತ್ತಿತ್ತು. ಮಗು ಯಾವ ಲೆಕ್ಕದಲ್ಲಿ ಸೋತಿತು, ಯಾಕೆ ಸೋತಿತು ಎಂಬುದು ಆ ಗೆರೆಯಲ್ಲಿರಲಿಲ್ಲ.

ಮತ್ತೆ ಮನೆಯ ಕಡೆಗೆ

ಕಳೆದ ಮೂರು ದಶಕಗಳಲ್ಲಿ ಈ ಅಂತರವನ್ನು ತಗ್ಗಿಸುವ ಪ್ರಯತ್ನಗಳು ನಡೆದಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ ಕಲಿ’ ಪದ್ಧತಿಯಲ್ಲಿ ಪ್ರತಿ ಮಗು ಕಲಿಕೆಯ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ‘ಪ್ರಗತಿ ನೋಟ’ದ ಹಾಳೆಯಲ್ಲಿ ಗುರುತಿಸುತ್ತಾರೆ. ಮೆಟ್ಟಿಲ ಗುರುತಿಗೆ ಚಿತ್ರಗಳಿರುವುದರಿಂದ, ಮಗು ಮುಂದೆ ಸಾಗಿದೆಯೇ ಎಂಬುದನ್ನು ಓದು ಬಾರದ ತಾಯಿಗೂ ತೋರಿಸಿ ಹೇಳಬಹುದು. 2001ರಲ್ಲಿ ರಾಜ್ಯ ಸರಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ ಮಕ್ಕಳ ಪೋಷಕರಿಗೆ ಅದರಲ್ಲಿ ಸ್ಥಾನ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೋಷಕರೊಡನೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ ಇವನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಅದು ಹೇಳುತ್ತದೆ. ಸುದ್ದಿ ತಿಳಿಯುವುದು ಹೀಗೆ ಮನೆಯವರ ಹಕ್ಕಾಯಿತು.

2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಮೊಬೈಲ್ ಇದ್ದ ಮನೆಗೆ ಪಾಠ ಬಂತು, ಇಲ್ಲದ ಮನೆಗೆ ಬರಲಿಲ್ಲ. ಆಗ ಸರಕಾರ ‘ವಿದ್ಯಾಗಮ’ ಯೋಜನೆ ತಂದಿತು. ಶಿಕ್ಷಕರು ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳಿನಲ್ಲಿ ಮಕ್ಕಳನ್ನು ಸೇರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಕೆಲವೇ ವಾರಗಳಲ್ಲಿ, ಕೂಲಿಮಠದ ಕಾಲದಂತೆ, ಪಾಠ ಮತ್ತೆ ಮನೆಯವರ ಕಣ್ಣೆದುರಿಗೇ ನಡೆಯಿತು.

ಇಂದಿನ ವಾರದ ಸಂದೇಶವನ್ನು ಈ ಇತಿಹಾಸದ ಬೆಳಕಿನಲ್ಲಿ ನೋಡಬೇಕು. ಅದು ಬೇಗ ಬರುತ್ತದೆ, ಅಚ್ಚುಕಟ್ಟಾಗಿರುತ್ತದೆ. ಆದರೆ ಅನೇಕ ಖಾಸಗಿ ಶಾಲೆಗಳಲ್ಲಿ ಅದು ಇಂಗ್ಲಿಷಿನಲ್ಲಿರುತ್ತದೆ. ಮಗುವನ್ನು ಶಾಲೆಯಿಂದ ಕರೆತಂದು ಊಟಕ್ಕೆ ಬಡಿಸುವ ಅಜ್ಜಿಯ ಕೈಗೆ ಅದು ಸಿಗುವುದಿಲ್ಲ. ಕೂಲಿಗೆ ಹೋದ ತಾಯಿ ರಾತ್ರಿ ನೋಡಿದರೂ ಅರ್ಥವಾಗುವುದಿಲ್ಲ. 2011ರ ಜನಗಣತಿಯಲ್ಲೂ ರಾಜ್ಯದ ಮಹಿಳೆಯರ ಸಾಕ್ಷರತೆ ಶೇಕಡ 68.08 ಮಾತ್ರ ಇತ್ತು ಎಂಬುದನ್ನು ಮರೆಯುವಂತಿಲ್ಲ. ಮಗುವಿನ ಕಲಿಕೆಗೆ ಮನೆಯ ಒತ್ತಾಸೆ ಹೆಚ್ಚು ಬೇಕಾಗಿರುವುದೂ ಇಂಥ ಮನೆಗಳಲ್ಲೇ.

ಅಂಗೈಯ ಬರಹಕ್ಕೆ, ಏಟಿನ ಬಾಸುಂಡೆಗೆ ಹಿಂದಿರುಗುವುದು ಯಾರಿಗೂ ಬೇಡ. ಆದರೆ ಅಂದಿನ ಐಗಳು ಅರಿತಿದ್ದ ಒಂದು ಮಾತನ್ನು ಮರೆಯಬಾರದು: ಶಾಲೆಯ ಸುದ್ದಿಯನ್ನು ಮನೆಗೆ ಒಯ್ಯಲು ಮಗುವಿಗಿಂತ ಒಳ್ಳೆಯ ದೂತನಿಲ್ಲ. ವಾರದಲ್ಲಿ ಕಲಿತ ಒಂದು ಪದ್ಯವನ್ನು ಹಾಡಿ ತೋರಿಸು, ಒಂದು ಲೆಕ್ಕವನ್ನು ಅವ್ವನೆದುರು ಹುಣಿಸೆ ಬೀಜವಿಟ್ಟು ಮಾಡು ಎಂದು ಶಿಕ್ಷಕರು ಮಗುವಿಗೆ ಹೇಳಿ ಕಳುಹಿಸಿದರೆ ಸಾಕು. ಅದನ್ನು ತಿಳಿಯಲು ಮೊಬೈಲೂ ಬೇಡ, ಇಂಗ್ಲಿಷೂ ಬೇಡ. ಮನೆಯವರು ಹತ್ತು ನಿಮಿಷ ಬಿಡುವು ಮಾಡಿಕೊಂಡು ಮಗುವಿನ ಎದುರು ಕೂರಬೇಕು, ಅಷ್ಟೆ.