ಯಕ್ಷಗಾನದಲ್ಲಿ ವಧೆಯ ದೃಶ್ಯಗಳು

ಯಕ್ಷಗಾನದಲ್ಲಿ ವಧೆಯ ದೃಶ್ಯಗಳು ಎಂದರೆ ಪೌರಾಣಿಕ ಪ್ರಸಂಗಗಳಲ್ಲಿ ಬರುವ ಕೊಲೆ, ರಕ್ತಪಾನ ಮೊದಲಾದ ಘೋರ ಸನ್ನಿವೇಶಗಳನ್ನು ರಂಗಸ್ಥಳದಲ್ಲಿ ಪ್ರತ್ಯಕ್ಷವಾಗಿ ಅಭಿನಯಿಸುವ ಭಾಗಗಳು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಪ್ರಚಲಿತವಾಗಿರುವ ತೆಂಕುತಿಟ್ಟಿನಲ್ಲಿ ಇವುಗಳಿಗೆ ವಿಶೇಷ ಸ್ಥಾನವಿದೆ. ಇಂತಹ ದೃಶ್ಯಗಳು ಕಥೆಗೆ ಪೋಷಕವೋ, ಕೇವಲ ಪ್ರೇಕ್ಷಕರನ್ನು ಬೆಚ್ಚಿಬೀಳಿಸುವ ಸಾಧನವೋ ಎಂಬ ಪ್ರಶ್ನೆ ಬಹಳ ಹಳೆಯದು. ಇಂದು ಅದೇ ಪ್ರಶ್ನೆ ವಿಡಿಯೋ ಗೇಮ್‌ಗಳ ಕುರಿತೂ ಕೇಳಿಬರುತ್ತಿದೆ.

ಹಿನ್ನೆಲೆ

ಭರತನ ನಾಟ್ಯಶಾಸ್ತ್ರವು ಯುದ್ಧ, ಮರಣ, ನಗರದ ಮುತ್ತಿಗೆ ಮೊದಲಾದವನ್ನು ಅಂಕದಲ್ಲಿ ನೇರವಾಗಿ ತೋರಿಸದೆ ಪ್ರವೇಶಕದ ಮೂಲಕ ಸೂಚಿಸಬೇಕೆಂದು ವಿಧಿಸುತ್ತದೆ. ಭಟ್ಟನಾರಾಯಣನ ವೇಣೀಸಂಹಾರದಲ್ಲಿ ದುಶ್ಶಾಸನನ ವಧೆ ತೆರೆಯ ಹಿಂದೆಯೇ ನಡೆಯುತ್ತದೆ. ಗ್ರೀಕ್ ದುರಂತ ನಾಟಕಗಳಲ್ಲಿಯೂ ಕೊಲೆಯ ವಾರ್ತೆಯನ್ನು ಸಾಮಾನ್ಯವಾಗಿ ದೂತನು ತರುತ್ತಾನೆ. ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣ ಬಿಡುವುದು ಒಂದು ಅಪವಾದ. ಯಕ್ಷಗಾನವು ಈ ನಿಷೇಧವನ್ನು ಪಾಲಿಸುವುದಿಲ್ಲ.

ರಂಗವಿಧಾನ

ಯಕ್ಷಗಾನದ ವಧೆಯು ವಾಸ್ತವದ ಅನುಕರಣೆಯಲ್ಲ. ಭಾಗವತರ ಪದ, ಚೆಂಡೆಯ ಅಬ್ಬರ, ಕುಣಿತ ಮತ್ತು ಬಣ್ಣಗಾರಿಕೆ ಸೇರಿ ರೌದ್ರವನ್ನು ಮೂಡಿಸುತ್ತವೆ. ಕರುಳನ್ನು ತೋರಿಸಲು ಕೆಂಪು ಬಟ್ಟೆಯಂತಹ ಸರಳ ಪರಿಕರ ಸಾಕಾಗುತ್ತದೆ. ಬಣ್ಣದ ವೇಷಧಾರಿಯ ಮುಖದಲ್ಲಿ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಇಡುವ ಚಿಟ್ಟಿಗಳು ಅವನನ್ನು ಮಾನುಷ ಲೋಕದಿಂದ ದೂರ ನಿಲ್ಲಿಸುತ್ತವೆ. ಮಹಿಷಾಸುರನು ದೊಂದಿಗಳ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದಲೇ ರಂಗಕ್ಕೆ ಬರುವಾಗ ಮಕ್ಕಳು ಬೆದರುವುದುಂಟು.

ಕಥೆಯಲ್ಲಿ ಸ್ಥಾನ

ಪ್ರಮುಖ ಪ್ರಸಂಗಗಳಲ್ಲಿ ವಧೆಯು ಕಥೆಯ ಗಂಟನ್ನು ಬಿಡಿಸುತ್ತದೆ.

ಪ್ರತಿಜ್ಞೆ: ದುಶ್ಶಾಸನ ವಧೆಯಲ್ಲಿ ಭೀಮನ ಕ್ರೌರ್ಯವು ದ್ರೌಪದಿಯ ಮಾನಭಂಗಕ್ಕೆ ಉತ್ತರ. ಇಲ್ಲಿ ಭೀಮನೇ 'ರುದ್ರಭೀಮ'ನೆಂಬ ಬಣ್ಣದ ವೇಷವಾಗಿ ಬರುತ್ತಾನೆ. ನ್ಯಾಯಪಕ್ಷದ ವೀರನೂ ಪ್ರತೀಕಾರದಲ್ಲಿ ಘೋರರೂಪಿಯಾಗುತ್ತಾನೆಂಬುದನ್ನು ವೇಷವೇ ಸಾರುತ್ತದೆ.

ವರ: ಹಿರಣ್ಯಕಶಿಪುವಿಗೆ ಹಗಲೂ ಇರುಳೂ ಅಲ್ಲದ ವೇಳೆಯಲ್ಲಿ, ಹೊಸ್ತಿಲಲ್ಲಿ, ನರಸಿಂಹನ ತೊಡೆಯ ಮೇಲೆ, ಉಗುರುಗಳಿಂದ ಮರಣ. ವಧೆಯ ಒಂದೊಂದು ವಿವರವೂ ವರದ ಒಂದೊಂದು ಷರತ್ತಿಗೆ ಉತ್ತರವಾಗಿದೆ.

ರಕ್ತ: ದೇವೀಮಹಾತ್ಮೆಯ ರಕ್ತಬೀಜನ ನೆತ್ತರಿನ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಹೊಸ ಅಸುರರು ಹುಟ್ಟುತ್ತಾರೆ. ಆದುದರಿಂದ ಕಾಳಿಯ ರಕ್ತಪಾನವು ಕಥೆಗೆ ಅನಿವಾರ್ಯ.

ವಿಡಿಯೋ ಗೇಮ್‌ಗಳೊಡನೆ ಹೋಲಿಕೆ

2009ರಲ್ಲಿ ಬಿಡುಗಡೆಯಾದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಆಟದ 'ನೋ ರಷ್ಯನ್' ಎಂಬ ಹಂತದಲ್ಲಿ ಆಟಗಾರನು ವಿಮಾನನಿಲ್ದಾಣದಲ್ಲಿ ನಾಗರಿಕರ ಹತ್ಯಾಕಾಂಡದ ನಡುವೆ ನಿಲ್ಲುತ್ತಾನೆ. ಇದು ತೀವ್ರ ವಿವಾದಕ್ಕೆ ಕಾರಣವಾಯಿತು. ಮುಂದಿನ ಯುದ್ಧಕ್ಕೆ ಈ ಹತ್ಯಾಕಾಂಡವೇ ಕಾರಣವಾದರೂ, ಬಯಸದವರು ಈ ಹಂತವನ್ನು ಬಿಟ್ಟು ಮುಂದುವರಿಯಲು ಆಟದಲ್ಲಿಯೇ ಅವಕಾಶವಿದೆ. ಯಕ್ಷಗಾನದ ಪ್ರೇಕ್ಷಕನು ಸಾಕ್ಷಿ ಮಾತ್ರ. ಆಟಗಾರನಾದರೋ ಕೃತ್ಯದಲ್ಲಿ ಪಾಲುದಾರ. ಆದುದರಿಂದ ಎರಡರ ನೈತಿಕ ಭಾರವೂ ಒಂದೇ ಅಲ್ಲ.

ವಿಮರ್ಶೆ

ವಧೆಯ ದೃಶ್ಯ ಅತಿಯಾದರೆ ಅರ್ಥಗಾರಿಕೆಗೂ ಪಾತ್ರಚಿತ್ರಣಕ್ಕೂ ಎಡೆ ಕಡಿಮೆಯಾಗುತ್ತದೆ. ಅಬ್ಬರವೇ ಉದ್ದೇಶವಾದಾಗ ರೌದ್ರರಸವು ಹಾಸ್ಯಾಸ್ಪದವಾಗುವ ಅಪಾಯವೂ ಇದೆ. ದೃಶ್ಯವನ್ನು ತೆಗೆದುಹಾಕಿದರೆ ಕಥೆ ಅಪೂರ್ಣವಾಗುವುದೇ ಎಂಬುದು ಎರಡು ಮಾಧ್ಯಮಗಳಿಗೂ ಸಲ್ಲುವ ಒರೆಗಲ್ಲು. ರುದ್ರಭೀಮನಿಲ್ಲದಿದ್ದರೆ ದ್ರೌಪದಿಯ ಮುಡಿ ಬಿಚ್ಚಿಯೇ ಉಳಿಯುತ್ತದೆ.